ಪಟ್ಟಿಯಲ್ಲಿ ಹೆಸರಿಲ್ಲದ ಪುಡಿ

“ಇದು ಎಂಡಿಎಂಎ ಅಲ್ಲ. ಇದರ ಹೆಸರು ಪಟ್ಟಿಯಲ್ಲೇ ಇಲ್ಲ, ಸಿಕ್ಕಿಬಿದ್ದರೂ ಕೇಸ್ ನಿಲ್ಲುವುದಿಲ್ಲ.” ಸಿಂಥೆಟಿಕ್ ಟ್ರಿಪ್ಟಮೀನ್ ಎಂಬ ಗುಂಪಿನ ಅಮಲು ಪದಾರ್ಥ ಮಾರುವವರು ಹೇಳುವ ಮಾತು ಇದು. ಪಟ್ಟಿ ಎಂದರೆ ಕಾನೂನು ನಿಯಂತ್ರಿಸುವ ಅಮಲು ಪದಾರ್ಥಗಳ ಸರ್ಕಾರಿ ಪಟ್ಟಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮಕ್ಕಳು ಕಾಲೇಜಿಗೆಂದು ದಿನಾ ತಲಪಾಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಹೋಗಿ ಬರುತ್ತಾರೆ. ಅವರ ಬ್ಯಾಗಿನಲ್ಲಿ ಒಂದು ಸಣ್ಣ ಜಿಪ್ ಕವರ್ ಸೇರಿಕೊಂಡ ದಿನ ಈ ಮಾತು ಅವರನ್ನು ಕಾಯುವುದಿಲ್ಲ. ಅರ್ಧ ನಿಜ ಇರುವುದರಿಂದಲೇ ಅದು ಅಪಾಯದ ಮಾತು. ಆ ಅರ್ಧ ಎಲ್ಲಿಗೆ ಮುಗಿಯುತ್ತದೆ ಎಂದು ಮಕ್ಕಳಿಗೂ ಹೆತ್ತವರಿಗೂ ತಿಳಿದಿರಬೇಕು.

ಮೊದಲು ವಸ್ತು. ಟ್ರಿಪ್ಟಮೀನ್ ಎಂದರೆ ಇಂಡೋಲ್ ಎಂಬ, ಪರಮಾಣುಗಳ ಜೋಡಿ ಉಂಗುರಕ್ಕೆ ಎರಡು ಇಂಗಾಲದ ಬಾಲ, ಬಾಲದ ತುದಿಯಲ್ಲಿ ಒಂದು ಸಾರಜನಕ. ನಮ್ಮ ಮೈಯಲ್ಲೇ ಇರುವ, ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ನಿದ್ದೆಯ ಮೆಲಟೋನಿನ್ ಎರಡರದ್ದೂ ಇದೇ ಅಸ್ಥಿಪಂಜರ. ಅಣಬೆಯ ಸಿಲೊಸೈಬಿನ್ ಕೂಡ ಇದೇ ಕುಟುಂಬ. ‘ಸ್ಟಾಂಪ್’ ಎಂದು ಕರೆಯುವ ಎಲ್‌ಎಸ್‌ಡಿಯ ದೊಡ್ಡ ಅಣುವಿನೊಳಗೂ ಈ ಚೌಕಟ್ಟು ಹುದುಗಿದೆ. ಉಂಗುರದ ಮೇಲೆ ಒಂದು ಗುಂಪು ಸೇರಿಸಿದರೆ, ಬಾಲದ ತುದಿ ಬದಲಿಸಿದರೆ ಹೊಸ ಹೆಸರಿನ ಹೊಸ ಪದಾರ್ಥ. ಡಿಸೈನರ್ ಡ್ರಗ್ ಎನ್ನುವುದು ಇದಕ್ಕೇ. ಪರಿಣಾಮ ಹತ್ತಿರಹತ್ತಿರ ಅದೇ ಇರಬೇಕು, ಕಾನೂನಿನಲ್ಲಿರುವ ಹೆಸರು ಮಾತ್ರ ತಪ್ಪಬೇಕು ಎಂಬ ಲೆಕ್ಕಾಚಾರದಲ್ಲಿ ಅಣುವನ್ನು ತಿದ್ದುವುದು.

ಉದಾಹರಣೆಗೆ 5-ಮೆಥಾಕ್ಸಿ-ಡೈಐಸೊಪ್ರೊಪೈಲ್‌ಟ್ರಿಪ್ಟಮೀನ್. ಬೀದಿಯ ಹೆಸರು ‘ಫಾಕ್ಸಿ’. ಅಮೆರಿಕದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಶುಲ್ಗಿನ್ 1980ರ ಸುಮಾರಿಗೆ ಇದರ ಬಗ್ಗೆ ಬರೆದರು. 1990ರ ದಶಕದ ಕೊನೆಗೆ ಬೀದಿಗೆ ಬಂತು. ಅಮೆರಿಕ 2003ರ ಏಪ್ರಿಲ್ 4ರಂದು ಇದನ್ನೂ ಆಲ್ಫಾ-ಮೀಥೈಲ್‌ಟ್ರಿಪ್ಟಮೀನನ್ನೂ (ಎಎಂಟಿ) ತಾತ್ಕಾಲಿಕವಾಗಿ ಮೊದಲ ಷೆಡ್ಯೂಲಿಗೆ, ಅಂದರೆ ಅಲ್ಲಿನ ಅತಿ ಬಿಗಿಯ ಪಟ್ಟಿಗೆ, ಸೇರಿಸಿತು, 2004ರ ಸೆಪ್ಟೆಂಬರ್ 29ರಂದು ಅದನ್ನು ಕಾಯಂ ಮಾಡಿತು. ಜಪಾನ್ 2005ರಲ್ಲಿ ಎರಡನ್ನೂ ಮಾದಕ ಪದಾರ್ಥ ಎಂದು ಘೋಷಿಸಿತು. ಈ ಎಎಂಟಿ 1960ರ ದಶಕದ ಸೋವಿಯತ್ ಒಕ್ಕೂಟದಲ್ಲಿ ‘ಇಂಡೋಪಾನ್’ ಎಂಬ ಹೆಸರಿನ ಖಿನ್ನತೆಯ ಮಾತ್ರೆಯಾಗಿತ್ತು. ಒಮ್ಮೆ ಔಷಧವಾಗಿತ್ತು ಎಂಬುದು ಸುರಕ್ಷಿತ ಎಂಬುದಕ್ಕೆ ಪುರಾವೆಯಲ್ಲ, ಆದರೆ ಮಾರುವವರು ಅದನ್ನೂ ಹಾಗೇ ಬಳಸಿಕೊಳ್ಳುತ್ತಾರೆ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ 1977ರಿಂದಲೇ ಒಂದೊಂದು ಹೆಸರನ್ನು ಬರೆಯುವ ಬದಲು ‘ಇಂಥ ಚೌಕಟ್ಟು, ಇಂಥ ಜಾಗದಲ್ಲಿ ಇಂಥ ಬದಲಾವಣೆ’ ಎಂದು ಅಣುವಿನ ರಚನೆಯನ್ನೇ ವರ್ಣಿಸಿ ಟ್ರಿಪ್ಟಮೀನ್‌ಗಳನ್ನು ಹಿಡಿದಿಟ್ಟಿದ್ದಾರೆ. ಆ ವರ್ಣನೆಯ ಸಂದಿಯಿಂದಲೂ ಎಎಂಟಿ ನುಸುಳಿತು. 2015ರ ಜನವರಿ 7ರಂದು ವರ್ಣನೆಯನ್ನು ಹಿಗ್ಗಿಸಿ ಅದನ್ನೂ ಮುಚ್ಚಿದರು. ಅದೂ ಸಾಲದೆ 2016ರ ಮೇ 26ರಿಂದ ಅಮಲೇರಿಸುವ ಪದಾರ್ಥಗಳ ಮಾರಾಟವನ್ನೇ, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸುವ ಕಾಯ್ದೆ ಜಾರಿಗೆ ತಂದರು. ಅಮೆರಿಕದಲ್ಲಿ 1986ರಿಂದ ‘ಹೋಲುವ ಪದಾರ್ಥ’ ಕಾಯ್ದೆ ಇದೆ. ಪಟ್ಟಿಯಲ್ಲಿರುವುದನ್ನು ರಚನೆಯಲ್ಲೂ ಪರಿಣಾಮದಲ್ಲೂ ಹೋಲುವಂಥದ್ದನ್ನು ಮನುಷ್ಯರ ಸೇವನೆಗೆಂದು ಮಾರಿದರೆ ಪಟ್ಟಿಯಲ್ಲಿದ್ದಂತೆಯೇ ಲೆಕ್ಕ. ಪೊಟ್ಟಣದ ಮೇಲೆ ‘ಸೇವನೆಗಲ್ಲ, ಸಂಶೋಧನೆಗೆ ಮಾತ್ರ’ ಎಂದು ಬರೆಯುವ ಚಾಳಿ ಶುರುವಾದದ್ದು ಈ ಕಾಯ್ದೆಯಿಂದ ಜಾರಿಕೊಳ್ಳಲು. ಇಲ್ಲಿನ ಹುಡುಗರು ಆ ಬರಹವನ್ನು ನಮ್ಮ ಕಾನೂನಿನ ರಕ್ಷೆ ಎಂದು ನಂಬುತ್ತಾರೆ. ನಮ್ಮ ಕಾನೂನಿಗೂ ಆ ಬರಹಕ್ಕೂ ಸಂಬಂಧವೇ ಇಲ್ಲ.

ನಮ್ಮದು ಪಟ್ಟಿಯ ಕಾನೂನು. ಮಾದಕ ಪದಾರ್ಥಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ‘ಸೈಕೋಟ್ರೋಪಿಕ್’ (ಮನಸ್ಸಿನ ಮೇಲೆ ಕೆಲಸ ಮಾಡುವ) ಪದಾರ್ಥ ಎಂದರೆ ಕಾಯ್ದೆಯ ಕೊನೆಯಲ್ಲಿರುವ ಷೆಡ್ಯೂಲಿನಲ್ಲಿ ಹೆಸರಿರುವ ಪದಾರ್ಥ, ಅದರ ಲವಣ, ಅದರಿಂದ ತಯಾರಿಸಿದ್ದು. ‘ಹೋಲುವುದೆಲ್ಲವೂ’ ಎಂಬ ಮಾತು ಅಲ್ಲಿಲ್ಲ. ಮಾರುವವರು ಹೇಳುವ ಅರ್ಧ ನಿಜ ಇಷ್ಟೇ. ಆ ಷೆಡ್ಯೂಲಿನಲ್ಲಿ ಟ್ರಿಪ್ಟಮೀನ್ ಕುಟುಂಬದ ಡಿಎಂಟಿ, ಡಿಇಟಿ, ಸಿಲೊಸೈಬಿನ್, ಸಿಲೊಸಿನ್ ಮೊದಲಿನಿಂದಲೂ ಇವೆ, ಎಲ್‌ಎಸ್‌ಡಿಯೂ ಇದೆ. 1971ರ ವಿಶ್ವಸಂಸ್ಥೆಯ ಒಪ್ಪಂದದ ಪಟ್ಟಿಯೇ ಇದಕ್ಕೆ ಮೂಲ.

ಪಟ್ಟಿಯನ್ನು ನೋಡುವುದಕ್ಕೂ ಕ್ರಮ ಇದೆ. ಅಡ್ಡಹೆಸರು ಹುಡುಕಿದರೆ ಏನೂ ಸಿಗುವುದಿಲ್ಲ, ‘ಫಾಕ್ಸಿ’ ಎಂದು ಯಾವ ಸರ್ಕಾರವೂ ಬರೆಯುವುದಿಲ್ಲ. ಷೆಡ್ಯೂಲಿನಲ್ಲಿ ಪೂರ್ತಿ ರಾಸಾಯನಿಕ ಹೆಸರಿನ ಕಾಲಂ ಬೇರೆಯೇ ಇದೆ. ಒಂದೇ ಅಣುವನ್ನು ಎರಡು ಮೂರು ರೀತಿಯಲ್ಲಿ ಬರೆಯಬಹುದು: ಡಿಎಂಟಿಯನ್ನು ‘ಎನ್,ಎನ್-ಡೈಮೀಥೈಲ್‌ಟ್ರಿಪ್ಟಮೀನ್’ ಎಂದೂ ಬರೆಯುತ್ತಾರೆ, ‘3-[2-(ಡೈಮೀಥೈಲಮಿನೊ)ಈಥೈಲ್]ಇಂಡೋಲ್’ ಎಂದೂ ಬರೆಯುತ್ತಾರೆ. ಹಾಗಾಗಿ ಎಲ್ಲ ರೂಪಗಳನ್ನೂ ಹಿಡಿದು ನೋಡಬೇಕು. ಹಳೆಯ ಮುದ್ರಿತ ಕಾಯ್ದೆ ಪುಸ್ತಕ ನೋಡಿ ‘ಇಲ್ಲ’ ಎನ್ನುವುದು ಎರಡನೆಯ ತಪ್ಪು. ಸೆಕ್ಷನ್ 3ರ ಪ್ರಕಾರ ಕೇಂದ್ರ ಸರ್ಕಾರ ಸಂಸತ್ತಿಗೆ ಹೋಗದೆ ಬರೀ ಗೆಜೆಟ್ ಅಧಿಸೂಚನೆಯಿಂದ ಹೊಸ ಹೆಸರು ಸೇರಿಸಬಹುದು. ಕೆಟಮಿನ್ ಹೀಗೆ ಸೇರಿದ್ದು 2011ರ ಫೆಬ್ರವರಿಯಲ್ಲಿ, ಮೆಫೆಡ್ರೋನ್ 2015ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ಇವುಗಳ ಬಗ್ಗೆಯೂ ‘ಪಟ್ಟಿಯಲ್ಲಿಲ್ಲ’ ಎಂಬ ಇದೇ ಮಾತು ಓಡಾಡುತ್ತಿತ್ತು. ಅಧಿಸೂಚನೆ ಹಿಂದಿನ ದಿನಗಳಿಗೆ ಅನ್ವಯಿಸುವುದಿಲ್ಲ, ಸಂವಿಧಾನದ 20(1)ನೇ ವಿಧಿ ಅದನ್ನು ತಡೆಯುತ್ತದೆ. ಆದರೆ ವಸ್ತುವನ್ನು ಇಟ್ಟುಕೊಳ್ಳುವುದು ದಿನದಿನವೂ ಮುಂದುವರಿಯುವ ಕೆಲಸ. ನಿನ್ನೆ ಪಟ್ಟಿಯ ಹೊರಗಿದ್ದ ಪುಡಿ ಇವತ್ತು ಒಳಗೆ ಬಂದರೆ, ಇವತ್ತು ಅದು ಕಪಾಟಿನಲ್ಲಿರುವುದೇ ಅಪರಾಧ.

ಇದಕ್ಕಿಂತ ದೊಡ್ಡ ತೊಂದರೆ ಪೊಟ್ಟಣದೊಳಗಿನದ್ದು. ಮಾರುವವನು ಹೇಳಿದ ಹೆಸರೂ ಒಳಗಿರುವ ಪುಡಿಯೂ ಒಂದೇ ಎಂದು ಹೇಳುವವರು ಯಾರು? ಬಿಳಿ ಪುಡಿ ಎಲ್ಲವೂ ಬಿಳಿ ಪುಡಿಯೇ. ‘ಪಟ್ಟಿಯಲ್ಲಿಲ್ಲದ್ದು’ ಎಂದು ಕೊಟ್ಟದ್ದರಲ್ಲಿ ಎಂಡಿಎಂಎಯೋ ಮೆಥಾಂಫೆಟಮಿನ್ನೋ ಸ್ವಲ್ಪ ಬೆರೆತಿದ್ದರೂ ಕೇಸ್ ಬೆರೆತದ್ದರ ಮೇಲೆಯೇ ಆಗುತ್ತದೆ. ತೂಕ ಮಾತ್ರ ಪೂರ್ತಿ ಪುಡಿಯದ್ದು. 2020ರ ಏಪ್ರಿಲ್ 22ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಶುದ್ಧ ಮಾದಕದ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬ 2008ರ ತೀರ್ಪನ್ನು ತಳ್ಳಿಹಾಕಿ, ಬೆರೆಸಿದ ಪುಡಿಯನ್ನೂ ಸೇರಿಸಿಯೇ ತೂಗಬೇಕು ಎಂದಿತು.

ತೂಕದ ಮಾತು ಬಂದದ್ದರಿಂದ ಅಂಕಿಗಳನ್ನೂ ಹೇಳಬೇಕು, ಯಾಕೆಂದರೆ ಇಡೀ ಕಾಯ್ದೆಯ ಬಿಸಿ ಅಡಗಿರುವುದು ಇಲ್ಲಿ. 2001ರ ಅಕ್ಟೋಬರ್ 19ರ ಅಧಿಸೂಚನೆ ಪ್ರತಿ ಪದಾರ್ಥಕ್ಕೂ ‘ಸಣ್ಣ ಪ್ರಮಾಣ’ ಮತ್ತು ‘ವಾಣಿಜ್ಯ ಪ್ರಮಾಣ’ ಎಂಬ ಎರಡು ಗೆರೆ ಎಳೆದಿದೆ. ಗಾಂಜಾಕ್ಕೆ 1 ಕಿಲೋ ಮತ್ತು 20 ಕಿಲೋ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಸಿಲೊಸೈಬಿನ್‌ಗೆ 2 ಗ್ರಾಂ ಮತ್ತು 50 ಗ್ರಾಂ. ಎಲ್‌ಎಸ್‌ಡಿಗೆ 2 ಮಿಲಿಗ್ರಾಂ ಮತ್ತು 100 ಮಿಲಿಗ್ರಾಂ. ಗಾಂಜಾ ಕೇಸುಗಳನ್ನು ಕೇಳಿ ಬೆಳೆದ ನಮ್ಮ ಊರಿನವರಿಗೆ ‘ವಾಣಿಜ್ಯ’ ಎಂದರೆ ಗೋಣಿಚೀಲ ಕಣ್ಣಿಗೆ ಬರುತ್ತದೆ. ಎಲ್‌ಎಸ್‌ಡಿಯಲ್ಲಿ ಆ ಗೆರೆ ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಸ್ಟಾಂಪಿನ ಕಾಗದದ ತೂಕವೂ ಸೇರಬೇಕು ಎಂದು ಬಾಂಬೆ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗೆ ತೂಗಿದರೆ ಬೆರಳೆಣಿಕೆಯ ಕೆಲವು ಚೌಕಗಳಲ್ಲೇ ಗೆರೆ ದಾಟಬಹುದು. ಅಣಬೆಯ ವಿಷಯದಲ್ಲಿ ಕೇರಳ ಹೈಕೋರ್ಟ್ 2025ರ ಜನವರಿಯ ಒಂದು ಜಾಮೀನು ಆದೇಶದಲ್ಲಿ ಬೇರೆ ನಿಲುವು ತಾಳಿತು. ಅಣಬೆ ತಾನಾಗಿ ಬೆಳೆದ ಶಿಲೀಂಧ್ರ, ಯಾರೋ ಬೆರೆಸಿ ಮಾಡಿದ ಮಿಶ್ರಣವಲ್ಲ, ಆದ್ದರಿಂದ ಇಡೀ ಅಣಬೆಯನ್ನು ತೂಗಿ ವಾಣಿಜ್ಯ ಪ್ರಮಾಣ ಎನ್ನಲಾಗದು, ಒಳಗಿನ ಸಿಲೊಸೈಬಿನ್ ಎಷ್ಟೆಂದು ತಿಳಿಯಬೇಕು ಎಂದಿತು. ಕರ್ನಾಟಕ ಮತ್ತು ಮದ್ರಾಸ್ ಹೈಕೋರ್ಟುಗಳ ಹಿಂದಿನ ಆದೇಶಗಳೂ ಇದೇ ಧಾಟಿಯವು. ಈ ಅನುಕೂಲ ಪುಡಿಗೂ ಮಾತ್ರೆಗೂ ಸಿಗುವುದಿಲ್ಲ.

ಸೈಕೋಟ್ರೋಪಿಕ್ ಪದಾರ್ಥಗಳಿಗೆ ಶಿಕ್ಷೆ ಸೆಕ್ಷನ್ 22ರಲ್ಲಿದೆ. ಸಣ್ಣ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಡುವಿನದ್ದಕ್ಕೆ ಹತ್ತು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಹತ್ತಕ್ಕಿಂತ ಕಡಿಮೆಯಿಲ್ಲದ, ಇಪ್ಪತ್ತರವರೆಗೆ ಹೋಗಬಹುದಾದ ಜೈಲು, ಒಂದರಿಂದ ಎರಡು ಲಕ್ಷ ದಂಡ. ಬರೀ ಸೇವನೆ ಸೆಕ್ಷನ್ 27ರಲ್ಲಿ ಬರುತ್ತದೆ: ಕೊಕೇನ್, ಹೆರಾಯಿನ್‌ನಂಥವು ಬಿಟ್ಟು ಉಳಿದವಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000ದವರೆಗೆ ದಂಡ, ಇಲ್ಲವೇ ಎರಡೂ. ವಾಣಿಜ್ಯ ಪ್ರಮಾಣವಾದರೆ ಸೆಕ್ಷನ್ 37 ಅಡ್ಡ ನಿಲ್ಲುತ್ತದೆ. ಆರೋಪಿ ನಿರಪರಾಧಿ ಎಂದು ನಂಬಲು ಕಾರಣವಿದೆ, ಹೊರಗೆ ಬಂದರೆ ಮತ್ತೆ ತಪ್ಪು ಮಾಡುವುದಿಲ್ಲ, ಈ ಎರಡೂ ಕೋರ್ಟಿಗೆ ಮನವರಿಕೆಯಾಗದೆ ಜಾಮೀನಿಲ್ಲ. ತನಿಖೆಗೆ ಪೊಲೀಸರಿಗೆ 180 ದಿನ ಸಿಗುತ್ತದೆ. ಮೂರನೇ ಸೆಮಿಸ್ಟರಿನ ಹುಡುಗನಿಗೆ ಅದು ಒಂದು ಇಡೀ ಸೆಮಿಸ್ಟರ್.

ಹಾಗಾದರೆ ನಿಜವಾಗಿಯೂ ಪಟ್ಟಿಯ ಹೊರಗಿನ ಪದಾರ್ಥವೇ ಆಗಿದ್ದರೆ? ಆಗಲೂ ಲ್ಯಾಬ್ ವರದಿ ಬರುವವರೆಗೆ ಕಾಯಬೇಕು. ರಸ್ತೆಬದಿಯಲ್ಲಿ ಹಾಕುವ ಎರ್ಲಿಖ್ ದ್ರಾವಣ ಇಂಡೋಲ್ ಇದ್ದಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಎಲ್‌ಎಸ್‌ಡಿಗೂ ನೇರಳೆ, ಡಿಎಂಟಿಗೂ ನೇರಳೆ, ಫಾಕ್ಸಿಗೂ ನೇರಳೆ. ಮಹಜರಿನಲ್ಲಿ ಯಾವ ಹೆಸರು ಬೀಳುತ್ತದೋ ಆ ಹೆಸರಿನಲ್ಲೇ ರಿಮಾಂಡ್. ಖಚಿತ ಉತ್ತರ ಕೊಡುವುದು ಲ್ಯಾಬಿನ ಜಿಸಿ-ಎಂಎಸ್ ಯಂತ್ರ (ಪದಾರ್ಥಗಳನ್ನು ಬೇರ್ಪಡಿಸಿ, ಅಣುವನ್ನು ಚೂರು ಮಾಡಿ ತೂಗುವಂಥದ್ದು), ಅದೂ ಹೋಲಿಕೆಗೆ ಶುದ್ಧ ಮಾದರಿ ಇದ್ದಾಗ. ಇಲ್ಲಿಯೂ ಒಂದು ತೊಡಕು. ಫಾಕ್ಸಿಯಲ್ಲಿ ಬಾಲದ ತುದಿಗಿರುವುದು ಐಸೊಪ್ರೊಪೈಲ್ ಗುಂಪು, ಅದರ ಸೋದರ ಅಣುವಿನಲ್ಲಿ ನೇರ ಪ್ರೊಪೈಲ್. ಎರಡಕ್ಕೂ ಅಣುಸೂತ್ರ ಒಂದೇ, ಅಣುತೂಕ ಒಂದೇ. ತೂಕ ನೋಡಿ ಹೆಸರು ಹೇಳಿದರೆ ತಪ್ಪುತ್ತದೆ, ಯಂತ್ರದಿಂದ ಹೊರಬೀಳುವ ಸಮಯವನ್ನೂ ಚೂರುಗಳ ಮಾದರಿಯನ್ನೂ ಕೂಡಿಸಿ ನೋಡಬೇಕು. ವಕೀಲರು ವರದಿಯಲ್ಲಿ ಮೊದಲು ಓದಬೇಕಾದದ್ದು ಇದನ್ನೇ: ಪೂರ್ತಿ ರಾಸಾಯನಿಕ ಹೆಸರು ಬರೆದಿದ್ದಾರೋ, ‘ಟ್ರಿಪ್ಟಮೀನ್ ಜಾತಿಯದ್ದು’ ಎಂದಷ್ಟೇ ಬರೆದಿದ್ದಾರೋ? ಪಟ್ಟಿಯ ಕಾನೂನಿನಲ್ಲಿ ಜಾತಿಯ ಹೆಸರು ಸಾಲದು.

ಪಟ್ಟಿಯ ಹೊರಗಿದ್ದರೂ ಬೇರೆ ಕಾನೂನುಗಳು ಸುಮ್ಮನಿರುವುದಿಲ್ಲ. ಹೊರದೇಶದಿಂದ ಸುಳ್ಳು ವಿವರ ಬರೆದು ಪಾರ್ಸೆಲ್ ತರಿಸಿದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ವಶಪಡಿಸಿಕೊಳ್ಳುತ್ತಾರೆ, ಸುಳ್ಳು ಘೋಷಣೆಗೆ ಬೇರೆ ಕೇಸ್. ಯಾರದೋ ಜ್ಯೂಸಿಗೆ ಗೊತ್ತಿಲ್ಲದಂತೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 123 ಬರಬಹುದು, ಅದರಲ್ಲಿ ಹತ್ತು ವರ್ಷದವರೆಗೆ ಜೈಲು.

ತಪಾಸಣೆಯ ಹೊತ್ತಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ತಲಪಾಡಿಯ ಆಚೆ ಹಿಡಿದರೂ ಈಚೆ ಹಿಡಿದರೂ, ಪೆರ್ಲದಲ್ಲಿ ಹಿಡಿದರೂ ಜಾಲ್ಸೂರಿನಲ್ಲಿ ಹಿಡಿದರೂ ಕಾಯ್ದೆ ಒಂದೇ, ಅದು ಕೇಂದ್ರದ್ದು. ಬದಲಾಗುವುದು ಕೋರ್ಟು, ಲ್ಯಾಬು, ಕಾಗದದ ಭಾಷೆ. ಮೈ ತಪಾಸಣೆ ಮಾಡುವ ಮೊದಲು ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆಯಾಗುವ ಹಕ್ಕು ನಿಮಗಿದೆ’ ಎಂದು ಸೆಕ್ಷನ್ 50ರಂತೆ ಹೇಳಲೇಬೇಕು. ಇದು ಮೈಗೆ ಮಾತ್ರ, ಬ್ಯಾಗಿಗೂ ಬೈಕಿನ ಸೀಟಿನ ಅಡಿಗೂ ಅನ್ವಯಿಸುವುದಿಲ್ಲ. ಮಾದರಿಯನ್ನು ಮ್ಯಾಜಿಸ್ಟ್ರೇಟರ ಎದುರು, ಎರಡು ಪ್ರತಿಯಾಗಿ ತೆಗೆಯಬೇಕು ಎಂದು ಸೆಕ್ಷನ್ 52ಎ ಮತ್ತು 2022ರ ನಿಯಮಗಳು ಹೇಳುತ್ತವೆ. ಅಧಿಕಾರಿಯ ಮುಂದೆ ಸೆಕ್ಷನ್ 67ರಡಿ ಬರೆಸಿಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನ ತೂಫಾನ್ ಸಿಂಗ್ ತೀರ್ಪಿನಲ್ಲಿ ಹೇಳಿದೆ.

ನಮಗೆ, ಗಡಿನಾಡ ಕನ್ನಡಿಗರಿಗೆ, ಎಲ್ಲಕ್ಕಿಂತ ಮುಖ್ಯವಾದ ತೀರ್ಪು 2025ರ ನವೆಂಬರ್ 6ರದ್ದು. ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದಿತು. ಕೂಡಲೇ ಕೊಡಲಾಗದಿದ್ದರೆ ಮೊದಲು ಬಾಯಲ್ಲಿ ಹೇಳಿ, ರಿಮಾಂಡಿಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಸೇರಬೇಕು. ಕನ್ನಡ ಶಾಲೆಯಲ್ಲಿ ಕಲಿತ, ಮಲಯಾಳ ಮಾತಾಡಲು ಬಂದರೂ ಓದಲು ಬಾರದ ಮಗನ ಕೈಗೆ ಮಲಯಾಳದ ಕಾಗದ ಕೊಟ್ಟು ಸಹಿ ಹಾಕಿಸಿದರೆ ಅದು ಈ ತೀರ್ಪಿಗೆ ಹೊಂದುವುದಿಲ್ಲ. ಸಹಿ ಹಾಕುವ ಮೊದಲೇ ‘ಕನ್ನಡದಲ್ಲಿ ಕೊಡಿ’ ಎಂದು ಕೇಳಬೇಕು. ಕೊಡದಿದ್ದರೆ ‘ಮಲಯಾಳ ಓದಲು ಬರುವುದಿಲ್ಲ’ ಎಂದು ಸಹಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ದಿನಾಂಕ, ಗಂಟೆ ಹಾಕಬೇಕು. ಮೊದಲ ದಿನ ಮ್ಯಾಜಿಸ್ಟ್ರೇಟರ ಮುಂದೆಯೇ ಇದನ್ನು ಎತ್ತಬೇಕು, ತಿಂಗಳು ಕಳೆದ ಮೇಲೆ ಎತ್ತಿದ ತಕರಾರಿನ ಬಲ ಕುಗ್ಗುತ್ತದೆ.

ಇನ್ನು ಆಸ್ಪತ್ರೆ. ಕೇಸಿನ ಹೆದರಿಕೆಯಿಂದ ಗೆಳೆಯನನ್ನು ಕೋಣೆಯಲ್ಲೇ ಮಲಗಿಸಿ ‘ಇಳಿಯುತ್ತದೆ’ ಎಂದು ಕಾಯುವುದರಿಂದ ಜೀವ ಹೋಗಬಹುದು. ಈ ಕುಟುಂಬದ ಅಣುಗಳ ಕಾಲಮಾನ ಒಂದೇ ತರ ಇಲ್ಲ. ಹೊಗೆಯಾಗಿ ಎಳೆದ ಡಿಎಂಟಿ ಅರ್ಧ ಗಂಟೆಯೊಳಗೆ ಇಳಿದರೆ, ಎಎಂಟಿ ಏರುವುದಕ್ಕೇ ಮೂರು ನಾಲ್ಕು ಗಂಟೆ ಬೇಕು, ಇಳಿಯಲು ಅರ್ಧ ದಿನಕ್ಕೂ ಹೆಚ್ಚು. ‘ಏನೂ ಆಗಲಿಲ್ಲ’ ಎಂದು ಮತ್ತೆ ತೆಗೆದುಕೊಳ್ಳುವವರು ಕೆಡುವುದು ಇಲ್ಲೇ, ಎರಡೂ ಒಟ್ಟಿಗೆ ಏರುತ್ತವೆ. ಮಿಲಿಗ್ರಾಂಗಳಲ್ಲಿ ಕೆಲಸ ಮಾಡುವ ಪದಾರ್ಥವನ್ನು ಕಣ್ಣಳತೆಯಲ್ಲಿ ಹಂಚುವುದು ಇನ್ನೊಂದು ಕಾರಣ.

ನೋಡಬೇಕಾದ ಲಕ್ಷಣಗಳು ಸೆರೊಟೋನಿನ್ ಅತಿಯಾದಾಗಿನವು. ಧಾರಾಕಾರ ಬೆವರು, ಹಲ್ಲು ಕಚ್ಚುವುದು, ಕೈಕಾಲು ನಡುಕ, ಅಗಲಿಸಿದ ಕಣ್ಣಪಾಪೆ, ಭೇದಿ, ಗೊಂದಲ. ಪಾದವನ್ನು ಗಕ್ಕನೆ ಮೇಲಕ್ಕೆ ಒತ್ತಿ ಹಿಡಿದರೆ ಅದು ತಾನೇ ತಾಳ ಹಾಕಿದಂತೆ ಬಡಿಯತೊಡಗುತ್ತದೆ, ವೈದ್ಯರು ಕ್ಯಾಶುವಾಲ್ಟಿಯಲ್ಲಿ ಮುಖ್ಯವಾಗಿ ಹುಡುಕುವ ಗುರುತು ಇದು. ಮೈ ಕೆಂಡದಂತೆ ಸುಟ್ಟು ಸ್ನಾಯುಗಳು ಬಿಗಿದರೆ ಒಂದು ನಿಮಿಷವೂ ತಡ ಮಾಡಬಾರದು. ಈ ಬಿಸಿ ಜ್ವರವಲ್ಲ, ಸ್ನಾಯುಗಳು ದುಡಿದು ಹುಟ್ಟಿಸಿದ ಶಾಖ, ಹಾಗಾಗಿ ಪ್ಯಾರಾಸಿಟಮಾಲ್ ಕೊಟ್ಟು ಪ್ರಯೋಜನವಿಲ್ಲ. ಒದ್ದೆ ಬಟ್ಟೆ, ಫ್ಯಾನು, ಮಂದ ಬೆಳಕು, ಒಬ್ಬರ ಮೆತ್ತಗಿನ ಮಾತು, ಇಷ್ಟೇ. ನಾಲ್ಕು ಜನ ಸೇರಿ ಅಮುಕಿ ಹಿಡಿದರೆ ಅವನು ಕೊಸರಾಡಿ ಶಾಖ ಇನ್ನೂ ಏರುತ್ತದೆ. ವಾಂತಿ ಮಾಡಿಸಬಾರದು. ಎಚ್ಚರ ತಪ್ಪಿದರೆ ಎಡಮಗ್ಗುಲಿಗೆ ಹೊರಳಿಸಬೇಕು. ಹೆರಾಯಿನ್‌ಗೆ ಕೊಡುವ ನಲೊಕ್ಸೋನ್ ಚುಚ್ಚುಮದ್ದು ಟ್ರಿಪ್ಟಮೀನ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವುದು ಸ್ನಾಯು ಸಡಿಲಿಸಿ ಶಾಂತಗೊಳಿಸುವ ಡಯಾಜೆಪಾಮ್, ಲೊರಾಜೆಪಾಮ್ ತರಹದವು, ಗ್ಲೂಕೋಸ್, ತಣಿಸುವಿಕೆ, ಬೇಕೆನಿಸಿದರೆ ಸೆರೊಟೋನಿನ್ ಕೆಲಸವನ್ನು ತಡೆಯುವ ಸೈಪ್ರೊಹೆಪ್ಟಡೀನ್.

ವೈದ್ಯರಿಗೆ ಸುಳ್ಳು ಹೇಳುವುದರಿಂದ ಕೆಡುವುದೇ ಹೆಚ್ಚು. ಮಾಮೂಲಿ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಟ್ರಿಪ್ಟಮೀನ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲ, ವರದಿ ಚೊಕ್ಕಟವಾಗಿ ಬರುತ್ತದೆ. ಆಗ ವೈದ್ಯರು ಮಿದುಳು ಜ್ವರವನ್ನೋ ಮತ್ತೊಂದನ್ನೋ ಹುಡುಕುತ್ತಾ ಹೊತ್ತು ಕಳೆಯಬೇಕಾಗುತ್ತದೆ. ಏನು, ಎಷ್ಟು ಗಂಟೆಗೆ, ಎಷ್ಟು ಸಲ ಎಂದು ಹೇಳಬೇಕು, ಪೊಟ್ಟಣದ ಫೋಟೊ ಇದ್ದರೆ ತೋರಿಸಬೇಕು. ದಿನನಿತ್ಯದ ಮಾತ್ರೆಗಳನ್ನೂ ಮರೆಯದೆ ಹೇಳಬೇಕು. ಖಿನ್ನತೆಗೆ ತೆಗೆದುಕೊಳ್ಳುವ ಫ್ಲುವೊಕ್ಸೆಟಿನ್, ಎಸ್ಸಿಟಲೊಪ್ರಾಮ್, ನೋವಿನ ಟ್ರಮಡಾಲ್, ಲಿನೆಜೊಲಿಡ್ ಎಂಬ ಆ್ಯಂಟಿಬಯೋಟಿಕ್, ಒಣ ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥಾರ್ಫನ್, ಇವೆಲ್ಲ ಸೆರೊಟೋನಿನ್ ಏರಿಸುವವೇ. ಟ್ರಿಪ್ಟಮೀನಿನ ಜೊತೆ ಇವು ಸೇರಿದಾಗಲೇ ಅಪಾಯ ದುಪ್ಪಟ್ಟು.

ಆಂಬುಲೆನ್ಸಿಗೆ 108, ತುರ್ತಿಗೆ 112. ತಲಪಾಡಿ, ಕುಂಜತ್ತೂರು ಸುತ್ತ ಫೋನ್ ಯಾವ ರಾಜ್ಯದ ಟವರ್ ಹಿಡಿಯುತ್ತದೋ ಆ ಕಡೆಗೆ ಕರೆ ಹೋಗಬಹುದು, ಅದಕ್ಕಾಗಿ ಊರಿನ ಹೆಸರಿನ ಜೊತೆ ‘ಕೇರಳ, ಕಾಸರಗೋಡು ಜಿಲ್ಲೆ’ ಎಂದೂ ಹೇಳಿ. ಮಂಜೇಶ್ವರ, ಹೊಸಂಗಡಿಯವರಿಗೆ ದೇರಳಕಟ್ಟೆ ಹತ್ತಿರ, ಕುಂಬಳೆಯಿಂದ ಈಚೆಯವರಿಗೆ ಕಾಸರಗೋಡು ಜನರಲ್ ಆಸ್ಪತ್ರೆ. ಹತ್ತಿರದ್ದಕ್ಕೆ ಹೋಗಿ, ರಾಜ್ಯ ನೋಡಬೇಡಿ.

ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದಲ್ಲ ಎನ್ನುವವರಿಗೆ ಕಾಯ್ದೆಯೊಳಗೇ ಒಂದು ಬಾಗಿಲಿದೆ, ಸೆಕ್ಷನ್ 64ಎ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲಿನ ಮೊಕದ್ದಮೆ ನಡೆಯುವುದಿಲ್ಲ. ಇದು ತಾನಾಗಿ ಸಿಗುವುದಿಲ್ಲ, ವಕೀಲರ ಮೂಲಕ ಕೋರ್ಟಿನಲ್ಲಿ ಕೇಳಬೇಕು. ಮಾರಾಟದ ಆರೋಪಕ್ಕೂ ನಡುವಿನ ಪ್ರಮಾಣಕ್ಕೂ ಇದು ಒದಗುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಎಕ್ಸೈಸ್ ಇಲಾಖೆಯ ವಿಮುಕ್ತಿ ಯೋಜನೆಯ ವ್ಯಸನಮುಕ್ತಿ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ವಿಮುಕ್ತಿಯ ಫೋನ್ 14405, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷೆಯನ್ನು ಹಿಂದಕ್ಕೆ ಪಡೆಯಬಹುದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಮೊದಲ ದಿನದ ಒಪಿ ಚೀಟಿಯಿಂದ ಹಿಡಿದು ಡಿಸ್ಚಾರ್ಜ್ ಕಾಗದದವರೆಗೆ ಪ್ರತಿಯೊಂದನ್ನೂ ದಿನಾಂಕದ ಕ್ರಮದಲ್ಲಿ ಫೈಲು ಮಾಡಿ, ಒಂದು ಜೆರಾಕ್ಸ್ ಸೆಟ್ ವಕೀಲರಿಗೆ ಕೊಟ್ಟು, ಮೂಲ ಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿ.